ಹದಿನೇಳನೆಯ ಕ್ಯೂ

ಹನುಮಂತನಗರ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಾಳಿಗೆ.
ಎಪ್ಪತ್ತು ಕುರ್ಚಿ, ಆರು ಲೈಟು,
ಅದರಲ್ಲೊಂದು ಹಾವಿನ ಹಾಗೆ ಬುಸುಗುಡುತ್ತದೆ.
ಹನ್ನೆರಡು ವರ್ಷದಿಂದ ಇಲ್ಲಿ ಬೆಳಕು ಬಿಡುವವಳು ನಾನೇ.
ರಾಜರಿಗೆ, ಸಾಯುವವರಿಗೆ, ಕಾಲೇಜು ಹುಡುಗರ ಶೋಕಕ್ಕೆ
ಒಂದೇ ಅಳತೆ:
ಅರವತ್ತು ಕೊಡು, ಹಳದಿ ಹಾಕು, ಮುಖ ಸಿಗುತ್ತದೆ.

ಬೆನಿತಾ ಬಂದ ದಿನ ಮುಖ ಸಿಗಲಿಲ್ಲ.
ಎಂಬತ್ತು ಕೊಟ್ಟೆ. ನೂರು ಕೊಟ್ಟೆ.
ಹಿಂದಿನ ಗೋಡೆಯ ಬಿರುಕು ಕಂಡಿತು, ಅವಳು ಕಾಣಲಿಲ್ಲ.
'ಎದುರಿಂದ ಸುರೀಬೇಡಿ ಅಕ್ಕಾ,
ಪಕ್ಕದಿಂದ ಬನ್ನಿ. ನಮ್ಮ ಕಾಡಿಗೆ ಬಿಸಿಲು ಹಾಗೇ ಬರೋದು.'
ಪಕ್ಕದಿಂದ ಬಂದೆ, ತುಸು ನೀಲಿ ಬೆರೆಸಿ.
ಕೆನ್ನೆಯ ಮೂಳೆ ಎದ್ದಿತು, ಕತ್ತಿನ ನರ, ಮೇಲ್ದುಟಿಯ ಅಂಚು.
ಇಷ್ಟು ವರ್ಷ ಒಂದೇ ಬಣ್ಣದ ಚರ್ಮಕ್ಕೆ ದುಡಿದಿದ್ದೆ,
ನನಗೇ ಗೊತ್ತಿರಲಿಲ್ಲ.

ತಾಲೀಮಿಗೆ ದಿನವೂ ತಡ.
ಆಟೋದವರು ಇಂಗ್ಲಿಷಿನಲ್ಲಿ ಇನ್ನೂರು ಕೇಳುತ್ತಾರೆ,
ಕನ್ನಡದಲ್ಲಿ ಬೈದರೆ ಬೆಚ್ಚಿ ಬ್ರೇಕು ಒತ್ತುತ್ತಾರೆ.
ಮನೆ ಓನರು ಪಾಸ್‌ಪೋರ್ಟು ಕೇಳಿದನಂತೆ.
ಹಳಿಯಾಳದ ರೇಶನ್ ಕಾರ್ಡು ತೋರಿಸಿದಳಂತೆ.
ನಕ್ಕೆವು. ಆ ನಗುವನ್ನೂ ನಾಟಕದೊಳಗೆ ಹಾಕಿಕೊಂಡಳು,
ನಾನು ಅಲ್ಲಿಗೊಂದು ಕ್ಯೂ ಬರೆದೆ.

ಅವಳೊಬ್ಬಳೇ. ಒಂದು ಕೌದಿ, ಒಂದು ದಮಾಮ್.
ಕೌದಿ ಹೊದ್ದರೆ ಹಡಗಿನ ಹೊಟ್ಟೆ,
ಹರಡಿದರೆ ಗೋವೆಯ ದೊರೆಸಾನಿಯ ಅಂಗಳ,
ಸುತ್ತಿ ಬೆನ್ನಿಗೆ ಕಟ್ಟಿದರೆ ಕೂಸು.
ಕೂಸು ಹೊತ್ತು ಘಟ್ಟ ಹತ್ತುತ್ತಾಳೆ ಅಜ್ಜಿಯ ಅಜ್ಜಿಯ ಅಜ್ಜಿ,
ಉಗ್ರಾಣದ ಬೀಗದ ಕೈ ಸೆರಗಿಗೆ ಗಂಟು ಹಾಕಿ.
'ಒಂದು ಕಾಳು ಕದ್ದಿಲ್ಲ. ಬೀಗದ ಕೈ ಮಾತ್ರ.
ತಮ್ಮ ಅಕ್ಕಿಯ ಮುಂದೆ ತಾವೇ
ಹಸಿದು ಕೂತಿರಲಿ ಒಂದು ರಾತ್ರಿ.'

ಅವರು ಕರೆದದ್ದು ಮರಿಯಾ.
ಹೆತ್ತವಳು ಕರೆದದ್ದು ಬೇರೆ.
ಆ ಬೇರೆಯದು ಕಡಲಾಚೆ ಯಾವ ದಡದಲ್ಲಿ ಬಿದ್ದಿದೆಯೋ.
ನನ್ನ ಹಾಳೆಯಲ್ಲಿ ಹದಿನೇಳನೆಯ ಕ್ಯೂ:
ಹೆಸರು ಕೂಗುತ್ತಾಳೆ. ಬೆಳಕು ಏರಲಿ, ನಿಧಾನ.
ತಾಲೀಮಿನಲ್ಲಿ ದಿನಕ್ಕೊಂದು ಕೂಗಿ ನೋಡಿದಳು,
ಪುಸ್ತಕದಿಂದ ಹೆಕ್ಕಿದ್ದು, ಫೋನಿನಿಂದ ಹೆಕ್ಕಿದ್ದು,
ಕಮ್ಮನಹಳ್ಳಿಯ ನೈಜೀರಿಯದ ಗೆಳತಿ ಪ್ರೀತಿಯಿಂದ ಕೊಟ್ಟದ್ದು.
ಒಂದೂ ನಾಲಿಗೆಗೆ ಕೂರಲಿಲ್ಲ.
'ಎರವಲು ಒಡವೆ ಅಕ್ಕಾ. ಚೆನ್ನಾಗಿದೆ, ನಂದಲ್ಲ.'

ಶನಿವಾರ. ಅರವತ್ತೊಂದು ಟಿಕೇಟು.
ಎರಡನೇ ಸಾಲಿನಲ್ಲಿ ಕಾರ್ಮಿಣಜ್ಜಿ, ರಾತ್ರಿ ಬಸ್ಸಿಗೆ ಬಂದವಳು,
ಚಪ್ಪಲಿ ಬಿಟ್ಟು ಕುರ್ಚಿಯ ಮೇಲೆ ಕಾಲು ಮಡಚಿ.
ಹದಿನಾರು ದಾಟಿತು.
ದಮಾಮ್ ನಿಂತಿತು.
ಬೆನಿತಾ ಬಾಯಿ ತೆರೆದಳು.
ಏನೂ ಬರಲಿಲ್ಲ.
ಬಾಯಿ ತೆರೆದೇ ಇತ್ತು.
ಗುಂಡಿಯ ಮೇಲೆ ನನ್ನ ಬೆರಳು ಬೆವರಿತು.
ಕೆಳಗೆ ಯಾವುದೋ ಕಾರು ರಿವರ್ಸು ತೆಗೆಯುತ್ತಿತ್ತು, ಪೀ ಪೀ ಪೀ.
ಯಾರೋ ಕೆಮ್ಮು ನುಂಗಿದರು.

ಆಗ ಎರಡನೇ ಸಾಲಿನ ಕತ್ತಲಿಂದ
'ಓ'
ಎಂದಿತು ಮುದಿ ಗಂಟಲು.
ಬಾವಿಕಟ್ಟೆಯಿಂದ ಓಗೊಟ್ಟ ಹಾಗೆ,
ಬಂದೆ ಇರು, ಕೈ ಹಸಿ ಇದೆ, ಅಂದ ಹಾಗೆ.

ಬೆನಿತಾ ಅಲುಗಲಿಲ್ಲ.
ಮತ್ತೆ ಬಾಯಿ ತೆರೆದಳು, ಮತ್ತೆ ಏನೂ ಇಲ್ಲ,
ಮತ್ತೆ 'ಓ'.
ಈ ಸಲ ದಮಾಮ್ ಮಾತಾಡಿತು.
ಬೆಳಕು ಏರಿಸಬೇಕಿತ್ತು. ಯಾರ ಮೇಲೆ?
ಇಡೀ ಹಾಲಿನ ಬಡ ಟ್ಯೂಬ್‌ಲೈಟುಗಳನ್ನೇ ಹಾಕಿಬಿಟ್ಟೆ.
ಗುಂಗುರು ಬಿಳಿಗೂದಲು ಮಿಂಚಿತು.
ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ಗದರಿದಳು:
'ಆರ್ಸು ಮಾರಾಯ್ತಿ, ಹುಡುಗಿ ಕಾಣೂದಿಲ್ಲ.'

ಮುಗಿದ ಮೇಲೆ ಅವಳು ನಾಟಕದ ಮಾತೆತ್ತಲಿಲ್ಲ.
ಕೌದಿಯ ಮೂಲೆ ಮೂಲೆ ಮುಟ್ಟಿ ನೋಡಿದಳು.
ಮೂರರಲ್ಲಿ ಬಟ್ಟೆಯ ಹೂವು, ನಾಲ್ಕನೆಯದು ಬೋಳು.
'ಬತ್ತಲೆ ಕೌದಿ ಹೊದ್ದು ಇಷ್ಟು ಜನರೆದುರು ನಿಂತಿದ್ದೀಯಲ್ಲೇ!'
ರವಿಕೆಯಿಂದ ಸೂಜಿ ತೆಗೆದಳು. ಚೂರು ಬಟ್ಟೆ ಕೇಳಿದಳು, ನನ್ನನ್ನೇ.
ಹಳೇ ಪರದೆಯ ಕಪ್ಪು ತುಂಡೊಂದಿತ್ತು, ಧೂಳು ತಿಂದದ್ದು.
ಕೊಡವಿದಳು. ಮಡಚಿದಳು, ಇನ್ನೊಮ್ಮೆ ಮಡಚಿದಳು.
'ಬೆಳಕು ಹಿಡಿ' ಅಂದಳು.
ಫೋನು ಹಿಡಿದೆ,
ಪಕ್ಕದಿಂದ.